ಸಾಂಬೊ ಮಾತ್ಸೊಗಿಯಲ್ಲಿ ಹೊಡೆಯುವವರ ಕೆಲಸ ಏನು? ಬಳ್ಳಾರಿಯಿಂದ ಒಂದು ಪ್ರಶ್ನೆ

ಬಳ್ಳಾರಿ ಹಸಿರುಪಟ್ಟಿ
ಸೋಮವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಮಗಳಿಗೆ 11. ಅವಳನ್ನು ಟೇಕ್ವಾಂಡೊ ತರಗತಿಗೆ ಬಿಟ್ಟು ಬರೋಕೆ ಹೋಗುತ್ತಿದ್ದವನು ಒಂದು ದಿನ ನಾನೂ ಸೇರಿಕೊಂಡೆ. ಈಗ ನಾನು ಹಸಿರು ಬೆಲ್ಟ್, ಅವಳು ಹಳದಿ. ನಮ್ಮದು ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಶನ್) ಪದ್ಧತಿ.

ತರಗತಿ ಇಲ್ಲದ ದಿನ ಬೆಳಿಗ್ಗೆ 5.45ಕ್ಕೆ ಮಾಳಿಗೆ ಮೇಲೆ ಇಬ್ಬರೂ ಅಭ್ಯಾಸ ಮಾಡುತ್ತೇವೆ. ಬಳ್ಳಾರಿ ಬಿಸಿಲಲ್ಲಿ ಅದಕ್ಕಿಂತ ತಡ ಮಾಡಿದರೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ. ಇಷ್ಟು ದಿನ ಛೊನ್ ಜಿ, ದಾನ್ ಗುನ್ ಪ್ಯಾಟರ್ನ್ (ಎದುರಾಳಿ ಇಲ್ಲದೆ ಕ್ರಮವಾಗಿ ಮಾಡುವ ಚಲನೆಗಳು) ಮಾಡುತ್ತಿದ್ದೆವು. ಈಗ ಸಾಂಬೊ ಮಾತ್ಸೊಗಿ ಶುರು ಮಾಡಿದ್ದೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ಮೂರು ಹೆಜ್ಜೆ ಮುಂದೆ ಬರುತ್ತಾ ಮೂರು ಸಲ ಎದೆಮಟ್ಟಕ್ಕೆ ಗುದ್ದುತ್ತಾರೆ. ಇನ್ನೊಬ್ಬರು ಮೂರು ಹೆಜ್ಜೆ ಹಿಂದೆ ಹೋಗುತ್ತಾ ಮೂರನ್ನೂ ತಡೆಯುತ್ತಾರೆ. ಮೂರನೆಯದನ್ನು ತಡೆದ ಕೂಡಲೇ ತಿರುಗಿ ಒಂದು ಏಟು. ಎಲ್ಲವೂ ಮೊದಲೇ ಗೊತ್ತಿರುವುದು, ಯಾವ ಕೈ, ಯಾವ ಕಾಲು, ಎಷ್ಟು ಹೆಜ್ಜೆ ಎಲ್ಲವೂ.

ನನ್ನ ಸಮಸ್ಯೆ ಎರಡು. ಮೊದಲನೆಯದು, ಮೂರನೇ ಹೆಜ್ಜೆ ಮುಗಿಯುವ ಹೊತ್ತಿಗೆ ನಾನು ಮಗಳ ಮೈಮೇಲೆ ಹೋಗಿ ನಿಂತಿರುತ್ತೇನೆ. ಅವಳಿಗೆ ತಿರುಗಿ ಹೊಡೆಯಲು ಜಾಗವೇ ಇರಲ್ಲ, ಮೊಣಕೈ ಮಡಚಿಕೊಂಡೇ ಇರುತ್ತದೆ. ತರಗತಿಯಲ್ಲಿ ಕೇಳಿದರೆ "ಇನ್ನೊಮ್ಮೆ ಮಾಡಿ" ಅನ್ನುತ್ತಾರೆ. ಮಾಡಿದರೂ ಅದೇ ಆಗುತ್ತದೆ.

ಎರಡನೆಯದು ಮಗಳು ಕೇಳಿದ್ದು. ಮೊನ್ನೆ ನಿಂತಲ್ಲೇ ನಿಂತು, "ಅಪ್ಪಾ, ನಿಜವಾಗಿ ಯಾರಾದ್ರೂ ಹೀಗೆ ಮೂರು ಹೆಜ್ಜೆ ಇಟ್ಕೊಂಡು ಬಂದು ಹೊಡೀತಾರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಸುಮ್ನೆ ಏನೋ ಒಂದು ಹೇಳಿ ಬಾಯಿ ಮುಚ್ಚಿಸಲು ನನಗೆ ಇಷ್ಟ ಇಲ್ಲ. ತಿಳಿದವರು ಹೇಳಿ.

ಕೌಲ್ ಬಜಾರ್ ಚಾಗಿ
ಸೋಮವಾರ, ರಾತ್ರಿ 10.05

ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರವೂ ಸುಲಭ: ಹಾಗೆ ಯಾರೂ ಹೊಡೆಯಲ್ಲ.

ನಾನು ವರ್ಲ್ಡ್ ಟೇಕ್ವಾಂಡೊ, ಅಂದರೆ ಒಲಿಂಪಿಕ್ಸ್‌ನಲ್ಲಿರುವ ಪದ್ಧತಿಯ ಕಡೆಯವನು, ಸ್ಪರ್ಧೆಗೆ ಆಡುತ್ತಿದ್ದೆ. ನಮ್ಮಲ್ಲೂ ಇದು ಇದೆ. ಸೆಬೊನ್ ಗ್ಯೊರುಗಿ, ಹನ್‌ಬೊನ್ ಗ್ಯೊರುಗಿ ಅಂತೀವಿ, ಅಂದರೆ ಮೂರು ಹೆಜ್ಜೆಯದು, ಒಂದು ಹೆಜ್ಜೆಯದು. ಬೆಲ್ಟ್ ಪರೀಕ್ಷೆ ಹತ್ತಿರ ಬಂದಾಗ ಎರಡು ವಾರ ಮಾಡಿ ಬಿಟ್ಟುಬಿಡುತ್ತಿದ್ದೆವು. ಅಖಾಡದಲ್ಲಿ ಅದರ ಒಂದು ಚಲನೆಯೂ ನನಗೆ ನೆರವಿಗೆ ಬಂದಿಲ್ಲ. ಈಗಿನ ಆಟದ ಲೆಕ್ಕ ನೋಡಿ. ಎದೆಗವಚಕ್ಕೆ ಗುದ್ದಿದರೆ 1 ಅಂಕ, ಒದ್ದರೆ 2, ತಲೆಗೆ ಒದ್ದರೆ 3. ಮೈ ತಿರುಗಿಸಿ ಒದ್ದರೆ ಎದೆಗೆ 4, ತಲೆಗೆ 5. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಕವಚದಲ್ಲೇ ಎಲೆಕ್ಟ್ರಾನಿಕ್ ಸೆನ್ಸರ್ ಇದೆ. ಎದುರಾಳಿ ಕುಣಿಯುತ್ತಾ ಇರುತ್ತಾನೆ, ಯಾವ ಕಾಲು ಯಾವಾಗ ಬರುತ್ತದೆ ಗೊತ್ತಾಗಲ್ಲ. ಅಲ್ಲಿ ಕೈಯನ್ನು ಸೊಂಟಕ್ಕೆ ಎಳೆದುಕೊಂಡು ಉದ್ದ ನಿಲುವಿನಲ್ಲಿ ನಿಂತರೆ ಏನಾಗುತ್ತದೆ?

ಮಗಳಿಗೆ ಒದೆ, ಕಾಲ್ಚಳಕ, ಪ್ಯಾಡ್ ಕೆಲಸ ಜಾಸ್ತಿ ಮಾಡಿಸಿ. ಮನಸ್ಸಿಗೆ ಬಂದದ್ದನ್ನು ನೇರ ಹೇಳಿದ್ದೇನೆ, ಬೇಜಾರಾಗಬೇಡಿ.

ಬಿಳಿ ದೊಬೊಕ್
ಮಂಗಳವಾರ, ಬೆಳಿಗ್ಗೆ 6.50

ಹಸಿರುಪಟ್ಟಿಯವರೇ, ನಾನು ಎರಡನೇ ದಾನ್ (ಕಪ್ಪು ಬೆಲ್ಟಿನ ಎರಡನೇ ದರ್ಜೆ). ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ನಿಮ್ಮ ಮೊದಲ ಸಮಸ್ಯೆಯಲ್ಲೇ ಎರಡನೆಯದರ ಉತ್ತರ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹೆಸರು ನೋಡಿ. "ಮಾತ್" ಅಂದರೆ ಎದುರುಬದುರು. "ಸೊಗಿ" ಅಂದರೆ ನಿಲ್ಲುವುದು. ಈ ಹೆಸರಲ್ಲಿ ಹೊಡೆಯೋದು ಬಡಿಯೋದು ಅಂತ ಎಲ್ಲೂ ಇಲ್ಲ. ಎದುರು ನಿಲ್ಲೋದು, ಅಷ್ಟೇ. "ಸಾಮ್" ಮೂರು, "ಬೊ" ಹೆಜ್ಜೆ. ತರಗತಿಯಲ್ಲಿ ಹನಾ, ದುಲ್, ಸೆತ್ ಅಂತ ಎಣಿಸಿ ಇಲ್ಲಿ ಮಾತ್ರ ಇಲ್, ಇ, ಸಾಮ್ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ನಾವು ಒಂದು ಎರಡು ಮೂರು ಅಂತ ಎಣಿಸಿ, ಪದ ಕಟ್ಟುವಾಗ ತ್ರಿಕೋನ, ತ್ರಿಪದಿ ಅನ್ನಲ್ವಾ? ಹಾಗೇ ಅದು. ಕೊರಿಯನ್ನರ ಈ ಎರಡನೇ ಸಾಲಿನ ಸಂಖ್ಯೆಗಳು ಚೀನಾದಿಂದ ಬಂದವು.

ಈಗ ನಿಮ್ಮ ಮೈಮೇಲೆ ಹೋಗುವ ವಿಷಯ. ಗುನ್ನುನ್ ಸೊಗಿ, ಅಂದರೆ ನಡಿಗೆ ನಿಲುವು, ಹೆಬ್ಬೆರಳಿಂದ ಹೆಬ್ಬೆರಳಿಗೆ ಒಂದೂವರೆ ಭುಜದಗಲ ಉದ್ದ ಇರಬೇಕು. ಯಾರ ಭುಜ? ಅವರವರ ಭುಜ. ಒಂದು ಟೇಪ್ ತಗೊಂಡು ನಿಮ್ಮ ಭುಜ, ಮಗಳ ಭುಜ ಎರಡನ್ನೂ ಅಳೆಯಿರಿ. ಒಂದೂವರೆಯಿಂದ ಗುಣಿಸಿ. ಇಬ್ಬರ ವ್ಯತ್ಯಾಸವನ್ನು ಮೂರರಿಂದ ಗುಣಿಸಿ. ಬಂದ ಉತ್ತರ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಇನ್ನೊಂದು ವಿಷಯ, ಇದು ಮುಖ್ಯ. ನೀವು ಮಗಳ ಎದೆಗೆ ಗುರಿ ಇಟ್ಟು ಗುದ್ದುತ್ತಿದ್ದೀರಾ, ಅಥವಾ ಅವಳಿಗೆ ತಾಗದ ಹಾಗೆ ಭುಜದ ಪಕ್ಕಕ್ಕೆ ಬಿಡುತ್ತಿದ್ದೀರಾ? ತಂದೆ ತಾಯಿ ಮಕ್ಕಳ ಜೋಡಿಯಲ್ಲಿ ನಾನು ಯಾವಾಗಲೂ ನೋಡುವುದು ಎರಡನೆಯದು. ನಾಲ್ಕು ಬೆರಳು ಆಚೆ ಹೋಗುವ ಏಟನ್ನು ಮಗು ತಡೆಯುತ್ತದೆ. ಅದು ತಡೆದದ್ದೇ ಅಲ್ಲ. ಅವಳು ಸುಮ್ಮನೆ ನಿಂತಿದ್ದರೂ ಆ ಏಟು ತಾಗುತ್ತಿರಲಿಲ್ಲ. ನೂರು ಸಲ ಹಾಗೆ ಮಾಡಿದರೆ, ಬರದೇ ಇರುವ ಏಟಿಗೆ ಕೈ ಎತ್ತುವುದನ್ನು ನೂರು ಸಲ ಕಲಿಸಿದಂತೆ.

ಪರೀಕ್ಷೆ ಹೀಗೆ ಮಾಡಿ. ನಿಧಾನವಾಗಿ, ಅರ್ಧ ವೇಗಕ್ಕಿಂತ ಕಡಿಮೆ ಮಾಡಿ. ಮಗಳಿಗೆ ಅಲುಗಾಡಬೇಡ, ತಡೆಯಬೇಡ ಅಂತ ಹೇಳಿ. ನೀವು ಒಂದೇ ಹೆಜ್ಜೆ ಇಟ್ಟು ಗುದ್ದಿ, ಬಟ್ಟೆಗೆ ತಾಗಿದ ಕೂಡಲೇ ನಿಲ್ಲಿಸಿ. ಮುಷ್ಟಿ ಎಲ್ಲಿದೆ ನೋಡಿ. ಎದೆಯ ನಡುವೆ, ಪಕ್ಕೆಲುಬು ಕೂಡುವ ಜಾಗದ ಹತ್ತಿರ ಇರಬೇಕು.

ಕೊಪ್ಪಳ ಕೋಲು
ಮಂಗಳವಾರ, ಮಧ್ಯಾಹ್ನ 1.15

ನಾನು ಕೊಪ್ಪಳದವಳು, ಬ್ಲೂ ಬೆಲ್ಟ್. ಕೌಲ್ ಬಜಾರ್‌ನವರಿಗೆ ಒಂದು ಮಾತು ಹೇಳಬೇಕು ಅನಿಸಿತು.

ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿ ಕೋಲಾಟ ಆಡುತ್ತಿದ್ದೆವು. ಕೋಲಾಟದಲ್ಲಿ ಎಲ್ಲ ಮೊದಲೇ ಗೊತ್ತು. ಪದ ಗೊತ್ತು, ತಾಳ ಗೊತ್ತು. ಎದುರಿನವಳ ಕೋಲು ಮೇಲಿಂದ ಬರುತ್ತದೋ ಕೆಳಗಿಂದ ಬರುತ್ತದೋ ಅದೂ ಗೊತ್ತು. ಆದರೂ ಬೆರಳ ಗೆಣ್ಣಿಗೆ ಏಟು ಬೀಳುವುದು ತಪ್ಪುತ್ತಿರಲಿಲ್ಲ. ಯಾಕೆ? ಏನು ಬರುತ್ತದೆ ಅನ್ನೋದು ಗೊತ್ತಿರುವುದು ಬೇರೆ, ಅದು ಬರುವ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರುವುದು ಬೇರೆ. ನಮ್ಮ ಹಿರಿಯಳೊಬ್ಬಳು ಹೇಳುತ್ತಿದ್ದಳು, ಕೋಲು ನೋಡಬೇಡ, ಹುಡುಗಿ ನೋಡು ಅಂತ.

ಸಾಂಬೊ ಮಾಡುವಾಗ ನನಗೆ ಅದೇ ನೆನಪಾಯಿತು. ಶುರುವಿನಲ್ಲಿ ನಾನು ಮುಷ್ಟಿ ನೋಡುತ್ತಿದ್ದೆ, ತಡವಾಗುತ್ತಿತ್ತು. ಆಮೇಲೆ ಎದುರಿನವರ ಎದೆ, ಭುಜದ ಕಡೆ ಕಣ್ಣಿಟ್ಟೆ. ಹೆಜ್ಜೆ ಎತ್ತುವ ಮೊದಲು ಭುಜ ಒಂದು ಚೂರು ಅಲುಗುತ್ತದೆ. ಅಲ್ಲಿಂದ ನಾನು ಹೊರಟರೆ ಸರಿಹೋಗುತ್ತದೆ. ಏನು ಬರುತ್ತದೆ ಅಂತ ಗೊತ್ತಿದ್ದರಿಂದಲೇ ಇದನ್ನು ಗಮನಿಸುವಷ್ಟು ಬಿಡುವು ಸಿಕ್ಕಿತು. ಏನು ಬರುತ್ತದೋ ಅನ್ನುವ ಗಾಬರಿಯಲ್ಲಿ ಇದ್ದಿದ್ದರೆ ಭುಜ ಯಾರು ನೋಡುತ್ತಾರೆ?

ಕೌಲ್ ಬಜಾರ್ ಚಾಗಿ
ಮಂಗಳವಾರ, ಸಂಜೆ 7.30

ಕೋಲಾಟದ ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಕೋಲಾಟ ಕಲಿತವರು ಕೋಲಾಟ ಆಡುತ್ತಾರೆ. ಸಾಂಬೊ ಕಲಿತವರು ಮುಂದೆ ಏನು ಆಡುತ್ತಾರೆ? ಅಲ್ಲಿಂದ ಆಟಕ್ಕೆ, ಆತ್ಮರಕ್ಷಣೆಗೆ ದಾರಿ ಎಲ್ಲಿದೆ? ಬಹಳ ಕಡೆ ಆ ದಾರಿಯೇ ಇಲ್ಲ. ಮಕ್ಕಳು ಐದು ವರ್ಷ ಮೂರು ಹೆಜ್ಜೆಯಲ್ಲೇ ನಿಂತಿರುತ್ತಾರೆ.

ಇನ್ನೊಂದು. ಇದು ಕೊರಿಯಾದ್ದೂ ಅಲ್ಲ ಅಂತ ಕೇಳಿದ್ದೇನೆ. ಜಪಾನಿನ ಶೊಟೊಕಾನ್ ಕರಾಟೆಯ ಸಂಬೊನ್ ಕುಮಿತೆ ನೋಡಿ, ಅದೇ ಮೂರು ಹೆಜ್ಜೆ, ಅದೇ ತಡೆ.

ಬಿಳಿ ದೊಬೊಕ್
ಮಂಗಳವಾರ, ರಾತ್ರಿ 9.45

ಕರಾಟೆಯ ಮಾತು ನಿಜ, ಅದನ್ನು ಮುಚ್ಚಿಡುವುದು ಬೇಡ. ಐಟಿಎಫ್ ಕಟ್ಟಿದ ಜನರಲ್ ಚೋಯ್ ಹಾಂಗ್ ಹಿ ಜಪಾನಿನಲ್ಲಿ ಓದುವಾಗ ಕರಾಟೆ ಕಲಿತವರು. ಆ ಕಾಲದ ಬೇರೆ ಕೊರಿಯನ್ ಗುರುಗಳಲ್ಲೂ ಹಲವರು ಶೊಟೊಕಾನ್ ಕಲಿತೇ ಊರಿಗೆ ಮರಳಿದ್ದರು. ಟೇಕ್ವಾಂಡೊ ಅನ್ನುವ ಹೆಸರು ಬಂದದ್ದು 1955ರ ಏಪ್ರಿಲ್ 11ರಂದು. ಐಟಿಎಫ್ ಹುಟ್ಟಿದ್ದು 1966ರಲ್ಲಿ, ನಿಮ್ಮ ಕಡೆಯ ಒಕ್ಕೂಟ 1973ರಲ್ಲಿ. ಬೇರು ಒಂದೇ ಆದ್ದರಿಂದ ಮೂರು ಹೆಜ್ಜೆಯ ಅಭ್ಯಾಸ ಎರಡೂ ಮನೆಯಲ್ಲಿ ಉಳಿದಿದೆ.

ದಾರಿ ಎಲ್ಲಿದೆ ಅಂದಿರಿ. ಐಟಿಎಫ್‌ನಲ್ಲಿ ದಾರಿ ಹಾಕಿದ್ದಾರೆ, ನಡೆಯುವವರು ಕಡಿಮೆ. ಸಾಂಬೊ ಆದಮೇಲೆ ಇಬೊ, ಎರಡು ಹೆಜ್ಜೆ. ಅದರಲ್ಲಿ ಒಂದು ಕೈ ಏಟು, ಒಂದು ಕಾಲಿನ ಏಟು ಬೆರೆಯುತ್ತದೆ. ತಡೆಯುವವರು ದೂರವನ್ನು ಎರಡು ಸಲ ಬೇರೆ ಬೇರೆ ಲೆಕ್ಕ ಹಾಕಬೇಕು, ಯಾಕೆಂದರೆ ಕಾಲು ಕೈಗಿಂತ ಉದ್ದ. ಆಮೇಲೆ ಇಲ್ಬೊ, ಒಂದೇ ಹೆಜ್ಜೆ. ಅಲ್ಲಿ ಹಿಂದೆಯೇ ಹೋಗಬೇಕು ಅಂತಿಲ್ಲ. ಪಕ್ಕಕ್ಕೆ ಸರಿಯಬಹುದು, ಓರೆಯಾಗಿ ಒಳಗೇ ನುಗ್ಗಬಹುದು. ಒಂದೇ ಏಟಲ್ಲಿ ಮುಗಿಸಬೇಕು ಅನ್ನುವುದು ಅಲ್ಲಿಯ ಲೆಕ್ಕ. ಆಮೇಲೆ ಅರ್ಧ ಮುಕ್ತ, ಬಾನ್ ಜಾಯು ಮಾತ್ಸೊಗಿ. ಕೊನೆಗೆ ಪೂರ್ತಿ ಮುಕ್ತ, ಜಾಯು ಮಾತ್ಸೊಗಿ.

ಹೆಜ್ಜೆ ಕಡಿಮೆಯಾದಂತೆ ಯೋಚಿಸುವ ಸಮಯ ಕಡಿಮೆಯಾಗುತ್ತದೆ, ಗಮನಿಸಿ. ಸಾಂಬೊದಲ್ಲಿ ಮೊದಲ ಎರಡು ಹೆಜ್ಜೆ ತಪ್ಪಿದರೂ ಮೂರನೆಯದರಲ್ಲಿ ಸರಿ ಮಾಡಿಕೊಳ್ಳಬಹುದು. ಇಲ್ಬೊದಲ್ಲಿ ಆ ಅವಕಾಶ ಇಲ್ಲ. ಮಕ್ಕಳು ಐದು ವರ್ಷ ಮೂರು ಹೆಜ್ಜೆಯಲ್ಲೇ ನಿಂತಿದ್ದಾರೆ ಅಂದರೆ ತಪ್ಪು ಕಲಿಸುವವರದ್ದು. ಆ ತಪ್ಪು ನಾನೂ ಮಾಡಿದ್ದೇನೆ. ನನ್ನ ಮೊದಲ ತಂಡದ ಮಕ್ಕಳನ್ನು ತುಂಬಾ ದಿನ ಸಾಂಬೊದಲ್ಲೇ ಇಟ್ಟಿದ್ದೆ. ಸಾಲಾಗಿ ನಿಂತು ಮಾಡುವಾಗ ನೋಡಲು ಚೆನ್ನಾಗಿರುತ್ತಿತ್ತು. ಆ ಮಕ್ಕಳನ್ನು ಮುಕ್ತ ಆಟಕ್ಕೆ ಬಿಟ್ಟಾಗ ನೇರ ಹಿಂದೆ ಹಿಂದೆಯೇ ಹೋಗುತ್ತಿದ್ದರು. ಅದು ನೋಡಿ ನನಗೆ ತುಂಬಾ ಸಂಕಟವಾಯಿತು.

ಗರಡಿ ಮೊಮ್ಮಗ
ಬುಧವಾರ, ಬೆಳಿಗ್ಗೆ 8.10

ರಾಯಚೂರಿನಿಂದ. ನಾನು ಟೇಕ್ವಾಂಡೊ ಕಲಿತವನಲ್ಲ, ತಂಗಿಯ ಮಗ ಕಲಿಯುತ್ತಿದ್ದಾನೆ. ನಮ್ಮ ಅಜ್ಜ ಕುಸ್ತಿ ಹಿಡಿಯುತ್ತಿದ್ದರು, ನಾನೂ ಹುಡುಗನಾಗಿದ್ದಾಗ ಎರಡು ಮೂರು ವರ್ಷ ಗರಡಿ ಮಣ್ಣಿಗೆ ಇಳಿದಿದ್ದೆ.

ಗರಡಿಯಲ್ಲಿ ಪಟ್ಟು ಕಲಿಸುವಾಗ ವಸ್ತಾದರು ಗಟ್ಟಿ ಹುಡುಗನನ್ನು ಕರೆದು "ಇವನಿಗೆ ಮೈ ಕೊಡು" ಅನ್ನುತ್ತಿದ್ದರು. ಮೈ ಕೊಡೋದು ಅಂದರೆ ಸುಮ್ನೆ ಬಿದ್ದುಬಿಡೋದಲ್ಲ. ಪಟ್ಟು ಸರಿ ಹಾಕಿದರೆ ಬೀಳಬೇಕು, ತಪ್ಪಿದರೆ ನಿಂತಿರಬೇಕು. ತೂಕ ನಿಜವಾಗಿ ಅವನ ಮೇಲೆ ಹಾಕಬೇಕು. ಹಾಗೆ ಮೈ ಕೊಡಲು ಬರದವನ ಜೊತೆ ವರ್ಷಗಟ್ಟಲೆ ಹಿಡಿದರೂ ಪಟ್ಟು ಬರುವುದಿಲ್ಲ. ನಮ್ಮಜ್ಜ ಕಲಿಯುವವನಿಗಿಂತ ಮೈ ಕೊಡುವವನನ್ನೇ ಜಾಸ್ತಿ ಬೈಯುತ್ತಿದ್ದರು.

ಬಿಳಿ ದೊಬೊಕ್ ಅವರು ಗುರಿ ತಪ್ಪಿಸಿ ಗುದ್ದುವ ಮಾತು ಹೇಳಿದಾಗ ನನಗೆ ಇದೇ ನೆನಪಾಯಿತು. ನಿಮ್ಮಲ್ಲಿ ಹೊಡೆಯುವವನು ಅಂದರೆ ನಮ್ಮಲ್ಲಿ ಮೈ ಕೊಡುವವನು. ಕಲಿಸುವ ಅರ್ಧ ಭಾರ ಅವನ ಮೇಲೇ ಇದೆ, ಅಲ್ವಾ?

ಬಳ್ಳಾರಿ ಹಸಿರುಪಟ್ಟಿ
ಗುರುವಾರ, ಬೆಳಿಗ್ಗೆ 7.25

ಎಲ್ಲರಿಗೂ ಧನ್ಯವಾದ. ಇವತ್ತು ಅಳೆದೆವು.

ನನ್ನ ಭುಜ 46 ಸೆಂ.ಮೀ. ಮಗಳದು 32. ಒಂದೂವರೆಯಿಂದ ಗುಣಿಸಿದರೆ ನನ್ನ ನಿಲುವು 69, ಅವಳದು 48. ಒಂದು ಹೆಜ್ಜೆಗೆ 21 ಸೆಂ.ಮೀ. ನಾನು ಹತ್ತಿರ ಹೋಗುತ್ತಿದ್ದೇನೆ. ಮೂರು ಹೆಜ್ಜೆಗೆ 63! ಎರಡಡಿಗಿಂತ ಜಾಸ್ತಿ. ಅವಳ ಕೈಯನ್ನು ಭುಜದಿಂದ ಮುಷ್ಟಿಯವರೆಗೆ ಅಳೆದರೂ ಅಷ್ಟು ಇಲ್ಲ. ಇಷ್ಟು ದಿನ ಅವಳಿಗೆ "ಕೈ ಚಾಚು, ಕೈ ಚಾಚು" ಅಂತ ಕೂಗುತ್ತಿದ್ದೆ. ಚಾಚಲು ನಾನೇ ಜಾಗ ಬಿಟ್ಟಿರಲಿಲ್ಲ. ಅವಳಿಗೆ ಕ್ಷಮೆ ಕೇಳಿದೆ.

ಆಮೇಲೆ ಬಟ್ಟೆಗೆ ತಾಗಿಸುವ ಪರೀಕ್ಷೆ. ಮಗಳು ಕೈ ಕಟ್ಟಿಕೊಳ್ಳದೆ ನೆಟ್ಟಗೆ ನಿಂತಳು. ನಾನು ನಿಧಾನವಾಗಿ ಹೆಜ್ಜೆ ಇಟ್ಟು ಕೈ ಚಾಚಿದೆ. ಮುಷ್ಟಿ ಹೋಗಿ ನಿಂತಿದ್ದು ಅವಳ ಎಡ ತೋಳಿನ ಹೊರಗೆ. ದೊಬೊಕ್ (ಅಭ್ಯಾಸದ ಉಡುಪು) ತೋಳಿಗೂ ನನ್ನ ಕೈಗೂ ನಡುವೆ ಒಂದು ಗೇಣು ಗಾಳಿ. ನಾನು ಎದೆಗೇ ಗುರಿ ಇಟ್ಟಿದ್ದೇನೆ ಅಂತ ಅಂದುಕೊಂಡಿದ್ದೆ. ಮತ್ತೆ ಮಾಡಿದೆ, ಬೇಕಂತಲೇ ನಡುವಿಗೆ ಗುರಿ ಇಟ್ಟೆ. ಆಗಲೂ ಕೊನೆಗೆ ಕೈ ತಾನೇ ಹೊರಗೆ ಜಾರಿತು. ನಾಲ್ಕನೇ ಸಲಕ್ಕೆ ಮುಷ್ಟಿ ಅವಳ ಎದೆಯ ನಡುವಿನ ಬಟ್ಟೆಗೆ ತಾಗಿತು. ತಾಗಿದಾಗ ನನ್ನ ಕೈಯೇ ನಡುಗಿತು. ಅವಳು ಮಾತ್ರ ಹಾಗೇ ನಿಂತಿದ್ದಳು, "ಈಗ ಸರಿ ಇದೆ ಅಪ್ಪಾ" ಅಂದಳು.

ಇನ್ನು ಹೆಜ್ಜೆ. ನಾನು ನನ್ನ 69ನ್ನು ಕಡಿಮೆ ಮಾಡಬೇಕೋ, ಅವಳು 48ನ್ನು ಹೆಚ್ಚು ಮಾಡಬೇಕೋ?

ಬಿಳಿ ದೊಬೊಕ್
ಗುರುವಾರ, ಬೆಳಿಗ್ಗೆ 9.00

ಸದ್ಯಕ್ಕೆ ನೀವು ಕಡಿಮೆ ಮಾಡಿ. ತರಗತಿಯಲ್ಲಿ ಒಂದೇ ಎತ್ತರದವರನ್ನು ಜೋಡಿ ಮಾಡುವುದು ಇದಕ್ಕೇ. ಅವಳ ನಿಲುವನ್ನು ಎಳೆದು ಉದ್ದ ಮಾಡಿಸಿದರೆ ಹಿಂದಿನ ಹಿಮ್ಮಡಿ ಏಳುತ್ತದೆ, ಸೊಂಟ ಬಾಗುತ್ತದೆ, ತಡೆಗೆ ಬಲ ಇರಲ್ಲ.

ಮಾಳಿಗೆ ಮೇಲೆ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ರಂಗೋಲಿ ಪುಡಿ ಇರುತ್ತದಲ್ಲ, 48 ಸೆಂ.ಮೀ.ಗೆ ಒಂದರಂತೆ ಅಡ್ಡ ಗೆರೆ ಎಳೆಯಿರಿ. ಇಬ್ಬರೂ ಆ ಗೆರೆಯ ಮೇಲೇ ಹೆಜ್ಜೆ ಇಡಿ. ಶುರುವಿನ ದೂರವನ್ನು ಪ್ರತಿ ಸಲ ಅಳೆಯಿರಿ. ನಾವು ಹೇಗೆ ಮಾಡುತ್ತೇವೆ ಅಂದರೆ, ಹೊಡೆಯುವವರು ಮೊದಲು ಮುಂದೆ ಹೆಜ್ಜೆ ಇಟ್ಟು ತಮ್ಮ ಪಾದವನ್ನು ಎದುರಿನವರ ಪಾದದ ಸಾಲಿಗೆ ತಂದು ನೋಡುತ್ತೇವೆ, ಆಮೇಲೆ ವಾಪಸ್ ಬರುತ್ತೇವೆ. ಅದನ್ನು ಶಾಸ್ತ್ರಕ್ಕೆ ಮಾಡಬೇಡಿ. ಆ ಒಂದು ಹೆಜ್ಜೆಯಲ್ಲಿ "ನನ್ನ ಏಟು ನಿನಗೆ ತಾಗುತ್ತದೆ" ಅಂತ ಇಬ್ಬರಿಗೂ ಖಾತ್ರಿ ಆಗಬೇಕು.

ಒಂದು ತಿಂಗಳಾದ ಮೇಲೆ ನಿಮ್ಮ ಪೂರ್ತಿ ಹೆಜ್ಜೆ ಇಡಿ. ಆಗ ಅವಳೇ ಏನಾದರೂ ದಾರಿ ಹುಡುಕುತ್ತಾಳೆ ನೋಡಿ.

ಸಂಡೂರು ತಾಯಿ
ಗುರುವಾರ, ರಾತ್ರಿ 8.35

ಓದುತ್ತಾ ಇದ್ದೇನೆ. ನನ್ನ ಮಗನಿಗೂ ಇದೇ ವಯಸ್ಸು. ನಿಜವಾದ ಏಟು, ಎದೆಗೇ ಗುರಿ ಅಂತೆಲ್ಲ ಓದಿ ಹೆದರಿಕೆ ಆಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಬೇರೆ ಊರಿನಲ್ಲಿದ್ದಾಗ ನಾನೂ ಕೆಲವು ತಿಂಗಳು ಕಲಿತಿದ್ದೆ. ಒಂದೇ ಹೆಜ್ಜೆಯ ಅಭ್ಯಾಸ ನಡೆದಿತ್ತು. ನನ್ನ ಎದುರು ಒಬ್ಬ ಸೀನಿಯರ್. ಕಿಹಾಪ್ (ಹೊಡೆಯುವ ಮೊದಲಿನ ಕೂಗು) ಹಾಕಿ ನನ್ನ ಉತ್ತರಕ್ಕೆ ಕಾಯಬೇಕಿತ್ತು, ಕಾಯಲಿಲ್ಲ. ನಾನು ಬೆಲ್ಟ್ ಬಿಗಿ ಮಾಡಿಕೊಳ್ಳುತ್ತಾ ತಲೆ ಬಗ್ಗಿಸಿದ್ದೆ. ತಲೆ ಎತ್ತುವಷ್ಟರಲ್ಲಿ ಮುಷ್ಟಿ ಬಾಯಿಗೆ ಬಂತು. ಮುಂದಿನ ಹಲ್ಲಿನ ತುದಿ ಮುರಿಯಿತು. "ಎಚ್ಚರವಾಗಿರಬೇಕಮ್ಮಾ" ಅಂತ ನನಗೇ ಹೇಳಿದರು. ಆಮೇಲೆ ಹೋಗಲಿಲ್ಲ. ಈಗಲೂ ನಾಲಗೆ ಆ ಹಲ್ಲಿಗೆ ತಾಗಿದಾಗ ನೆನಪಾಗುತ್ತದೆ.

ಮಗನನ್ನು ಕಳಿಸಿದ್ದೇನೆ, ಆದರೆ ಪ್ರತಿ ತರಗತಿಗೂ ಹೋಗಿ ಗೋಡೆ ಪಕ್ಕ ಕೂರುತ್ತೇನೆ. ನಾನು ಏನನ್ನು ಗಮನಿಸಬೇಕು, ಹೇಳುತ್ತೀರಾ?

ಕೊಪ್ಪಳ ಕೋಲು
ಗುರುವಾರ, ರಾತ್ರಿ 9.10

ಅಕ್ಕಾ, ಓದಿ ತುಂಬಾ ನೋವಾಯಿತು. ತಪ್ಪು ನಿಮ್ಮದಲ್ಲ. ಒಂದು ಚೂರೂ ಅಲ್ಲ.

ಕಿಹಾಪ್ ಬರೀ ಕೂಗಲ್ಲ. ಹೊಡೆಯುವವರು ಎಡಗಾಲು ಮುಂದಿಟ್ಟು ಕೆಳ ತಡೆ ಹಾಕಿ ಕೂಗುವುದು "ನಾನು ಬರಲಾ?" ಅಂತ. ತಡೆಯುವವರು ಕೂಗುವುದು "ಬಾ" ಅಂತ. ಆ "ಬಾ" ಬರುವವರೆಗೆ ಕಾಯಬೇಕು, ಅರ್ಧ ನಿಮಿಷ ಆದರೂ ಸರಿ. ನಮ್ಮ ತರಗತಿಯಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಾಳೆ, ಅವಳ ದನಿ ಏಳಲು ಹೊತ್ತು ಬೇಕು. ದೊಡ್ಡ ದೊಡ್ಡ ಹುಡುಗರು ಅವಳ ಎದುರು ಮುಷ್ಟಿ ಕಟ್ಟಿ ನಿಂತು ಕಾಯುತ್ತಾರೆ. ನೀವು ಗೋಡೆ ಪಕ್ಕ ಕೂತು ನೋಡಬೇಕಾದ್ದು ಇದನ್ನೇ. ಉತ್ತರದ ಕಿಹಾಪ್ ಬರುವ ಮೊದಲು ಯಾರಾದರೂ ಹೊರಟರೆ, ಕಲಿಸುವವರು ನಿಲ್ಲಿಸುತ್ತಾರಾ ಇಲ್ಲವಾ ನೋಡಿ.

ಬಿಳಿ ದೊಬೊಕ್
ಗುರುವಾರ, ರಾತ್ರಿ 9.50

ಕೊಪ್ಪಳದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎದೆಗೆ ಗುರಿ ಇಡೋದು ಅಂದರೆ ಎದೆಯೊಳಗೆ ಹೋಗುವ ಹಾಗೆ ಹೊಡೆಯೋದಲ್ಲ. ತಡೆ ತಪ್ಪಿದರೆ ಬಟ್ಟೆ ಹತ್ತಿರ ನಿಲ್ಲಿಸುವ ಹಿಡಿತ ಹೊಡೆಯುವವರಿಗೆ ಇರಬೇಕು. ಯಾವ ವೇಗದಲ್ಲಿ ಆ ಹಿಡಿತ ಇದೆಯೋ ಅಷ್ಟೇ ವೇಗ. ಅದಕ್ಕಿಂತ ಜೋರಾಗಿ ಮಾಡುವವರನ್ನು ನಾನು ಸಾಲಿನಿಂದ ಹೊರಗೆ ಕೂರಿಸುತ್ತೇನೆ, ಯಾವ ಬೆಲ್ಟ್ ಆಗಿದ್ದರೂ ಸರಿ. ಉಗುರು, ಉಂಗುರ, ಬಳೆ, ವಾಚ್ ಕೂಡ ನೋಡಿ. ಕೈಗೆ ಕೈ ತಾಗುವ ಅಭ್ಯಾಸದಲ್ಲಿ ಇವುಗಳಿಂದಲೂ ಗಾಯ ಆಗುತ್ತದೆ.

ನಿಮಗೆ ಆದದ್ದಕ್ಕೆ ಕಲಿಸುವವರಲ್ಲಿ ಒಬ್ಬನಾಗಿ ಬೇಸರ ಪಡುತ್ತೇನೆ.

ಗರಡಿ ಮೊಮ್ಮಗ
ಶುಕ್ರವಾರ, ಬೆಳಿಗ್ಗೆ 7.40

ಗರಡಿಯಲ್ಲಿ ಮಣ್ಣು ಮುಟ್ಟಿ ನಮಸ್ಕಾರ ಮಾಡಿ, ಕೈಗೆ ಕೈ ಕೊಟ್ಟ ಮೇಲೇ ಹಿಡಿಯುವುದು. ಕೈ ಕೊಡುವ ಮೊದಲು ಮೈ ಮುಟ್ಟಿದವನನ್ನು ಹೊರಗೆ ಕಳಿಸುತ್ತಿದ್ದರು. ಇದು ಎಲ್ಲ ಕಡೆ ಒಂದೇ.

ಕೌಲ್ ಬಜಾರ್ ಚಾಗಿ
ಶನಿವಾರ, ರಾತ್ರಿ 10.20

ಎರಡು ದಿನ ಯೋಚನೆ ಮಾಡಿದೆ. ಇವತ್ತು ನಮ್ಮ ಹುಡುಗರ ಜೊತೆ ಒಂದು ಪ್ರಯೋಗವನ್ನೂ ಮಾಡಿದೆ, ಅದನ್ನು ಹೇಳುತ್ತೇನೆ.

ನನ್ನ ಹತ್ತಿರ ಇಬ್ಬರು ಹುಡುಗರಿದ್ದಾರೆ. ಪ್ಯಾಡ್ ಮೇಲೆ ಒದೆ ಬೆಂಕಿ ಇದ್ದ ಹಾಗೆ. ಆಟಕ್ಕೆ ಇಳಿದರೆ ಒದೆ ಗಾಳಿಗೆ ಹೋಗುತ್ತದೆ, ಇಲ್ಲವೇ ತೀರಾ ಹತ್ತಿರ ಹೋಗಿ ತೊಡೆ ತಾಗುತ್ತದೆ. ವೇಗ ಸಾಲದು ಅಂತ ನಾನು ತಿಳಿದಿದ್ದೆ. ಇವತ್ತು ಹನ್‌ಬೊನ್ ಮಾಡಿಸಿದೆ, ಒಬ್ಬ ಒಂದೇ ಗುದ್ದು, ಇನ್ನೊಬ್ಬ ಸರಿದು ಒಂದೇ ದೊಲ್ಯೊ ಚಾಗಿ (ಪಕ್ಕದಿಂದ ಸುತ್ತಿ ಬರುವ ಒದೆ). ಏನು ಬರುತ್ತದೆ ಅಂತ ಗೊತ್ತಿದ್ದರೂ ಇಬ್ಬರ ಕಾಲೂ ಹತ್ತರಲ್ಲಿ ಆರು ಸಲ ತಪ್ಪು ದೂರದಲ್ಲಿ ಬಂತು. ವೇಗಕ್ಕೆ ಏನೂ ಆಗಿಲ್ಲ, ಎಲ್ಲಿ ನಿಂತಿದ್ದೇವೆ ಅನ್ನುವುದೇ ಅವರಿಗೆ ಗೊತ್ತಾಗುತ್ತಿಲ್ಲ. ಇದು ನನಗೆ ಮುಕ್ತ ಆಟದಲ್ಲಿ ಕಂಡಿರಲಿಲ್ಲ, ಅಲ್ಲಿ ಎಲ್ಲ ಗಡಿಬಿಡಿ.

ಮೂರು ಹೆಜ್ಜೆ ನೇರ ಹಿಂದೆ ಹೋಗುವುದು ಆಟಕ್ಕೆ ಕೆಟ್ಟ ರೂಢಿ ಅನ್ನುವ ನನ್ನ ಮಾತನ್ನು ಬಿಡುವುದಿಲ್ಲ. ಬಿಳಿ ದೊಬೊಕ್ ಅವರೂ ಅದನ್ನೇ ಕಂಡಿದ್ದಾರೆ. ಆದರೆ ಪರೀಕ್ಷೆಗೆ ಎರಡು ವಾರ ಮಾಡಿ ಬಿಡುವ ವಸ್ತು ಇದಲ್ಲ ಅಂತ ಈಗ ಒಪ್ಪುತ್ತೇನೆ. ವಾರಕ್ಕೆ ಎರಡು ದಿನ, ಒದೆಗೆ ಹೊಂದಿಸಿಕೊಂಡು ಮಾಡಿಸುತ್ತೇನೆ.

ಬಳ್ಳಾರಿ ಹಸಿರುಪಟ್ಟಿ
ಐದು ವಾರದ ನಂತರ, ಭಾನುವಾರ, ಬೆಳಿಗ್ಗೆ 8.15

ತಡವಾಗಿ ಬರೆಯುತ್ತಿದ್ದೇನೆ. ಬಿಳಿ ದೊಬೊಕ್ ಅವರು ಹೇಳಿದ ಹಾಗೇ ಮಾಡಿದೆವು.

ಪ್ರತಿ ಸಂಜೆ ಮಗಳು ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿಡುತ್ತಿದ್ದಳು. ರಾತ್ರಿ ಗಾಳಿಗೆ ಅರ್ಧ ಹಾರಿ, ಬೆಳಿಗ್ಗೆ ಕೆಂಪು ಧೂಳು ಕೂತು ಗುಲಾಬಿ ಬಣ್ಣಕ್ಕೆ ಬಂದಿರುತ್ತಿತ್ತು. ಮತ್ತೆ ಎಳೆಯುತ್ತಿದ್ದಳು. ನಾಲ್ಕು ವಾರ 48ರ ಗೆರೆಯಲ್ಲೇ ಮಾಡಿದೆವು. ಮೊದಲ ವಾರ ನಾನು ಗುದ್ದುವ ಮೊದಲೇ ಅವಳು ಹಿಂದೆ ಓಡುತ್ತಿದ್ದಳು. ಎದೆಗೇ ಬರುತ್ತಿದೆ ಅಂತ ಗೊತ್ತಾಯಿತಲ್ಲ, ಅದಕ್ಕೆ. ಎರಡನೇ ವಾರ ಕಾಯಲು ಕಲಿತಳು. ಕೈಗೆ ಕೈ ತಾಗುವ ಸದ್ದೇ ಬದಲಾಯಿತು. ಮೊದಲು ಚಪ್ಪಾಳೆ ಹಾಗೆ ಕೇಳುತ್ತಿತ್ತು, ಈಗ ಗಟ್ಟಿಯಾಗಿ ಕೇಳುತ್ತದೆ. ನನ್ನ ಮುಂಗೈ ಒಳಭಾಗದಲ್ಲಿ ಎರಡು ಕಡೆ ನೀಲಿಗಟ್ಟಿದೆ. ಮನೆಯವಳು ಅರಿಶಿನ ಹಚ್ಚಿದಳು.

ಇವತ್ತು ಗೆರೆ ಇಲ್ಲದೆ ನನ್ನ ಪೂರ್ತಿ ಹೆಜ್ಜೆ ಇಟ್ಟೆ. ಅವಳಿಗೆ ಮೊದಲೇ ಹೇಳಿದ್ದೆ. ಕಿಹಾಪ್ ಹಾಕಿದೆ. ಅವಳು ಎರಡು ಉಸಿರು ತಗೊಂಡು ಉತ್ತರ ಕೊಟ್ಟಳು. ಮೊದಲ ಹೆಜ್ಜೆ, ತಡೆದಳು. ಎರಡನೆಯದು, ತಡೆದಳು, ಆಗಲೇ ನಾನು ಹತ್ತಿರ ಹೋಗಿದ್ದೆ. ಮೂರನೆಯದಕ್ಕೆ ಅವಳು ನೇರ ಹಿಂದೆ ಹೋಗಲಿಲ್ಲ. ಹಿಂದಿನ ಕಾಲನ್ನು ಓರೆಯಾಗಿ ಬಲಕ್ಕೆ ಇಟ್ಟು ಸರಿದಳು. ನನ್ನ ಮುಷ್ಟಿ ಅವಳ ಮುಂಗೈ ಮೇಲೆ ಜಾರಿ ಪಕ್ಕಕ್ಕೆ ಹೋಯಿತು. ಅವಳ ಕೈ ಪೂರ್ತಿ ಚಾಚಿತ್ತು, ಮುಷ್ಟಿ ನನ್ನ ಪಕ್ಕೆಲುಬಿನ ಮೇಲಿನ ಬಟ್ಟೆಗೆ ತಾಗಿ ನಿಂತಿತ್ತು. ಒತ್ತಿರಲಿಲ್ಲ. ಬಟ್ಟೆ ಮಾತ್ರ ಅಲುಗಿತು.

ಇದು ಸಾಂಬೊ ನಿಯಮದಲ್ಲಿ ಸರಿಯೋ ತಪ್ಪೋ ಗೊತ್ತಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ. "ಯಾಕೆ ಹಾಗೆ ಸರಿದೆ?" ಅಂತ ಕೇಳಿದೆ. "ಹಿಂದೆ ಜಾಗ ಸಾಲ್ತಾ ಇರ್ಲಿಲ್ಲ" ಅಂದಳು. ಆಮೇಲೆ ಒಗ್ಗರಣೆ ಮಿರ್ಚಿ ತಿನ್ನಲು ಇಬ್ಬರೂ ಕೆಳಗೆ ಇಳಿದೆವು. ಮೂರು ಹೆಜ್ಜೆ ಇಟ್ಕೊಂಡು ಯಾರಾದ್ರೂ ಬಂದು ಹೊಡೀತಾರಾ ಅನ್ನುವ ಪ್ರಶ್ನೆಯನ್ನು ಅವಳು ಮತ್ತೆ ಕೇಳಿಲ್ಲ.

ಬಿಳಿ ದೊಬೊಕ್
ಭಾನುವಾರ, ಬೆಳಿಗ್ಗೆ 8.40

ಬೆಲ್ಟ್ ಪರೀಕ್ಷೆಯಲ್ಲಿ ನೇರ ಹಿಂದೆಯೇ ಹೋಗಲು ಹೇಳಿ, ಅಲ್ಲಿ ಅದನ್ನೇ ನೋಡುತ್ತಾರೆ. ಮನೆಯಲ್ಲಿ ಇನ್ನು ಇಲ್ಬೊ ಶುರು ಮಾಡಬಹುದು. ಮೊದಲು ಎಡಕ್ಕೂ ಬಲಕ್ಕೂ ಬರೀ ಸರಿಯುವುದು, ಏಟು ಬೇಡ. ಹತ್ತು ದಿನ ಅಷ್ಟೇ ಮಾಡಿಸಿ. ಹೊಡೆಯುವವರು ನೀವೇ ಆಗಿರಿ, ಗುರಿ ಎದೆಯ ನಡುವೆಯೇ ಇರಲಿ.